ಜುಟ್ಟಿಗೆ ಮಲ್ಲಿಗೆ ಹೂವು

ಕಳೆದ ತಿಂಗಳ ನಗರಸಭೆಯ ಸಾಮಾನ್ಯ ಸಭೆಯಲ್ಲಿ ಸನ್ಮಾನ್ಯ ಸದಸ್ಯರೊಬ್ಬರು ಎದ್ದು ನಿಂತು ಒಂದು ಸಲಹೆ ಕೊಟ್ಟರು. ಹಳೇ ಬಸ್ ನಿಲ್ದಾಣದ ಹಿಂದಿರುವ ಸಾರ್ವಜನಿಕ ವಾಚನಾಲಯವನ್ನು ಕೆಡವಿ ಆ ಜಾಗದಲ್ಲಿ ಎರಡು ಅಂತಸ್ತಿನ ಮಳಿಗೆ ಕಟ್ಟಿಸಬೇಕು, ನಗರಸಭೆಗೆ ಬಾಡಿಗೆ ಬರುತ್ತದೆ, ಸಣ್ಣ ವ್ಯಾಪಾರಿಗಳಿಗೂ ಅನುಕೂಲವಾಗುತ್ತದೆ ಎಂಬುದು ಆ ಸಲಹೆ. ವಾಚನಾಲಯದ ಗತಿಯೇನು ಎಂದು ಇನ್ನೊಬ್ಬರು ಕೇಳಿದ್ದಕ್ಕೆ ಅವರು ನಗುನಗುತ್ತ ಕೊಟ್ಟ ಉತ್ತರ ಅಲ್ಲೇ ಕೂತಿದ್ದ ನಮ್ಮ ಕಿವಿಯಲ್ಲಿ ಇನ್ನೂ ಇದೆ. ಅಲ್ಲಿಗೆ ಬರುವವರು ಕೆಲಸವಿಲ್ಲದ ಹಮಾಲರು ಮತ್ತು ಪಾಳಿ ಮುಗಿಸಿ ಬಂದು ತೂಕಡಿಸುವ ಮಿಲ್ಲಿನವರು. ಓದುವವರಿಗಿಂತ ಬೆಕ್ಕುಗಳೇ ಹೆಚ್ಚು. ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಹೂವು ಯಾಕೆ ಸ್ವಾಮಿ? ಸಭೆ ನಕ್ಕಿತು. ಸಲಹೆಯನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲಾಯಿತು.

ಈ ಗಾದೆ ನಮಗೆ ಹೊಸದಲ್ಲ. ಸಾಲ ಮಾಡಿ ಮೆರೆಯುವ ಸೋಗಲಾಡಿಗಳನ್ನು ಕುರಿತು ನಮ್ಮ ಹಿರಿಯರು ಆಡುತ್ತಿದ್ದ ಮಾತು ಅದು. ಅಷ್ಟರಮಟ್ಟಿಗೆ ಸರಿಯೂ ಹೌದು. ಆದರೆ ಅದೇ ಮಾತನ್ನು ಹೊಟ್ಟೆ ತುಂಬಿದವನು ಹಸಿದವನಿಗೆ ಹೇಳಿದಾಗ ಅರ್ಥ ಬೇರೆಯಾಗುತ್ತದೆ. ಹಿಟ್ಟು ಸಿಗುವ ತನಕ ನೀನು ಹೂವು ಕೇಳಬೇಡ, ಹಿಟ್ಟು ಯಾವತ್ತು ಸಿಗಬೇಕೆಂಬುದನ್ನು ನಾನು ತೀರ್ಮಾನಿಸುತ್ತೇನೆ ಎಂದಾಗುತ್ತದೆ. ಸಂಬಳದ ದಿನ ಸಂಜೆ ಮಿಲ್ಲಿನ ಗೇಟಿನ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ಹೂವಾಡಗಿತ್ತಿಗೆ ಈ ಸದಸ್ಯರಿಗಿಂತ ಹೆಚ್ಚು ಲೋಕಜ್ಞಾನವಿದೆ. ಕಿರಾಣಿ ಅಂಗಡಿಯ ಬಾಕಿ ತೀರಿಸಿ, ಮಗುವಿನ ಔಷಧಿಗೆ ಎತ್ತಿಟ್ಟು, ಉಳಿದ ಚಿಲ್ಲರೆಯಲ್ಲಿ ಒಂದು ಮೊಳ ಮಲ್ಲಿಗೆ ಕೊಂಡೇ ಹೋಗುವ ಹೆಣ್ಣಾಳುಗಳಿದ್ದಾರೆಂದು ಆಕೆ ಬಲ್ಲಳು. ಹಾಗಿಲ್ಲದಿದ್ದರೆ ಆಕೆ ಬುಟ್ಟಿಯನ್ನು ಶ್ರೀಮಂತರ ಬಡಾವಣೆಯಲ್ಲಿ ಇಡುತ್ತಿದ್ದಳು.

ಸಭೆ ಮುಗಿದ ವಾರದಲ್ಲಿ ನಾವು ಮೂರು ಸಂಜೆ ಆ ವಾಚನಾಲಯದಲ್ಲಿ ಹೋಗಿ ಕೂತೆವು. ತೂಕಡಿಸುವವರು ಇದ್ದರೆಂಬುದು ನಿಜ. ರಾತ್ರಿ ಪಾಳಿಯ ಕೆಲಸಗಾರನೊಬ್ಬ ವಾರಪತ್ರಿಕೆಯ ಮೇಲೆಯೇ ತಲೆಯಿಟ್ಟಿದ್ದ. ಇಬ್ಬರು ಬಾಡಿಗೆ ಕೊಟ್ಟು ವಾಸಿಸುವ ಒಂದು ಕೋಣೆಯಲ್ಲಿ ಆರು ಜನ ಮಲಗುವ ಊರಿನಲ್ಲಿ, ಫ್ಯಾನು ತಿರುಗುವ ಜಾಗದಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿದರೆ ನಾವು ಅವನನ್ನು ಎಬ್ಬಿಸಲಾರೆವು. ಗಾರ್ಮೆಂಟ್ಸಿನ ಹುಡುಗಿಯೊಬ್ಬಳು ತ್ರಿವೇಣಿಯವರ ಕಾದಂಬರಿಯ ಕೊನೆಯ ಪುಟಗಳಲ್ಲಿದ್ದಳು. ಬಾಗಿಲು ಹಾಕುವ ಹೊತ್ತಾಯಿತೆಂದು ಮೇಲ್ವಿಚಾರಕರು ಎರಡು ಸಲ ಕೆಮ್ಮಿದರೂ ಆಕೆಗೆ ಕೇಳಲಿಲ್ಲ. ದವಸದ ಮಂಡಿಯ ಹಮಾಲರೊಬ್ಬರು, ವಯಸ್ಸು ಐವತ್ತು ದಾಟಿದೆ, ಮಕ್ಕಳಿಗಾಗಿ ಬರೆದ ಖಗೋಳದ ಪುಸ್ತಕವೊಂದನ್ನು ಬೆರಳಿಟ್ಟು ಓದುತ್ತಿದ್ದರು. ನಮ್ಮನ್ನು ಕಂಡು ಹತ್ತಿರ ಬಂದು ಕೇಳಿದರು: "ಅಣ್ಣಾ, ಧ್ರುವ ನಕ್ಷತ್ರದ ಬೆಳಕು ನಮಗೆ ಮುಟ್ಟೋಕೆ ನಾನೂರು ವರ್ಷದ ಮೇಲಾಗ್ತದಂತೆ. ಅಂದ್ರೆ ನಾವು ನೋಡ್ತಿರೋದು ಹಳೇ ಬೆಳಕಾ?" ಹೌದು, ತಾಳಿಕೋಟೆಯ ಯುದ್ಧ ಮುಗಿದ ಒಂದೆರಡು ತಲೆಮಾರಿನೊಳಗೆ ಅಲ್ಲಿಂದ ಹೊರಟ ಬೆಳಕು ಅದು ಎಂದೆವು. ಅವರು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನಮ್ಮ ಅಪ್ಪನಿಗೆ ಇದನ್ನ ಹೇಳಬೇಕಿತ್ತು" ಎಂದರು. ದಿನಕ್ಕೆ ಇನ್ನೂರು ಚೀಲ ಹೊರುವ ಬೆನ್ನು ಅದು. ಆ ಬೆನ್ನಿನ ಮೇಲಿರುವ ತಲೆಗೆ ಆಕಾಶವನ್ನು ಕಂಡು ಬೆರಗಾಗುವ ಹಕ್ಕಿಲ್ಲವೆಂದು ಯಾವ ಕಾಯಿದೆಯಲ್ಲಿ ಬರೆದಿದೆ?

ಮೊಬೈಲಿನ ಮಾತಿಗೆ ಬರೋಣ. ಅದಕ್ಕೆ ಮೊದಲು ಓದುಗರು ಒಂದು ಹಳೆಯ ಕಥೆಯನ್ನು ಕೇಳಬೇಕು. ಇದು ಕ್ಯೂಬಾ ದೇಶದ ಚುಟ್ಟಾ ಕಾರ್ಖಾನೆಗಳ ಕಥೆ.

ಅಲ್ಲಿ ನೂರಾರು ಜನ ಸಾಲು ಸಾಲಾಗಿ ಕೂತು ಬೆಳಗಿನಿಂದ ಸಂಜೆಯವರೆಗೆ ಎಲೆ ಸುತ್ತುತ್ತಿದ್ದರು. ಕೈಗೆ ಬಿಡುವಿಲ್ಲ, ಆದರೆ ಕಿವಿ ಖಾಲಿ. 1865ರಲ್ಲಿ ಹವಾನಾ ನಗರದ ಒಂದು ಕಾರ್ಖಾನೆಯ ಕೆಲಸಗಾರರು ಒಂದು ಏರ್ಪಾಟು ಮಾಡಿಕೊಂಡರು. ತಮ್ಮೊಳಗಿನ ಒಬ್ಬನನ್ನು ಎತ್ತರದ ಪೀಠದ ಮೇಲೆ ಕೂರಿಸಿ ಗಟ್ಟಿಯಾಗಿ ಓದಿಸುವುದು. ಅವನು ಕಳೆದುಕೊಳ್ಳುವ ಕೂಲಿಯನ್ನು ಮಿಕ್ಕವರು ತಮ್ಮ ಕೂಲಿಯಿಂದ ತುಂಬಿಕೊಡುವುದು. ಬೆಳಿಗ್ಗೆ ವರ್ತಮಾನಪತ್ರ, ಆಮೇಲೆ ಕಾದಂಬರಿ. ಯಾವ ಪುಸ್ತಕ ಓದಬೇಕೆಂಬುದನ್ನು ಕೆಲಸಗಾರರೇ ಮತ ಹಾಕಿ ಆರಿಸುತ್ತಿದ್ದರು. ಅಕ್ಷರ ಬಾರದ ನೂರಾರು ಜನರಿಗೆ ವಿಕ್ಟರ್ ಹ್ಯೂಗೋ, ಅಲೆಕ್ಸಾಂಡರ್ ಡ್ಯೂಮಾ ಮೊದಲಾದವರು ಪರಿಚಯವಾದದ್ದು ಹೀಗೆ. ಸರ್ಕಾರಕ್ಕೆ ಇದು ಹಿಡಿಸುತ್ತದೆಯೆ? ಮರುವರ್ಷವೇ, 1866ರಲ್ಲಿ, ಅಲ್ಲಿನ ಸ್ಪ್ಯಾನಿಷ್ ಆಡಳಿತ ಕಾರ್ಖಾನೆಗಳಲ್ಲಿ ಓದುವುದನ್ನು ನಿಷೇಧಿಸಿತು. ನಿಷೇಧಗಳು ಬಂದವು, ಹೋದವು. ಓದು ಮಾತ್ರ ಉಳಿಯಿತು. ಇಂದು ಸಿರಿವಂತರು ಬೆಳ್ಳಿಯ ಪೆಟ್ಟಿಗೆಯಿಂದ ತೆಗೆದು ಸೇದುವ ಮಾಂಟೆಕ್ರಿಸ್ಟೋ ಸಿಗಾರಿಗೆ ಆ ಹೆಸರು ಬಂದದ್ದು, ಎಲೆ ಸುತ್ತುವವರು ಮತ್ತೆ ಮತ್ತೆ ಓದಿಸಿ ಕೇಳುತ್ತಿದ್ದ ಡ್ಯೂಮಾನ ಕಾದಂಬರಿಯಿಂದ ಎಂದು ಅಲ್ಲಿನವರು ಹೇಳುತ್ತಾರೆ.

ಕ್ಯೂಬಾದಿಂದ ವಲಸೆ ಹೋದ ಕೆಲಸಗಾರರು ಅಮೆರಿಕದ ಟ್ಯಾಂಪಾ ಪಟ್ಟಣದ ಕಾರ್ಖಾನೆಗಳಿಗೂ ಈ ಪದ್ಧತಿಯನ್ನು ಕೊಂಡೊಯ್ದರು. 1931ರಲ್ಲಿ ಅಲ್ಲಿನ ಧಣಿಗಳು ಓದುವವರ ಪೀಠಗಳನ್ನು ಕಿತ್ತುಹಾಕಿದರು. ಕೆಂಪು ವಿಚಾರ ಹರಡುತ್ತದೆಂಬುದು ಅವರ ದೂರು. ಕೆಲಸಗಾರರು ಮುಷ್ಕರ ಹೂಡಿದರು, ಸೋತರು. ಪೀಠಗಳು ಹೋದ ಜಾಗಕ್ಕೆ ಬಂದದ್ದು ರೇಡಿಯೋ.

ಇಲ್ಲಿ ಓದುಗರು ಸ್ವಲ್ಪ ನಿಂತು ಯೋಚಿಸಬೇಕು. ರೇಡಿಯೋದಲ್ಲಿಯೂ ದನಿಯಿತ್ತು, ಹಾಡಿತ್ತು, ಮಾತಿತ್ತು. ಹಾಗಾದರೆ ಮುಷ್ಕರ ಏತಕ್ಕೆ? ಓದುವವನನ್ನು ನೇಮಿಸಿದವರು, ಸಂಬಳ ಕೊಟ್ಟವರು, ಪುಸ್ತಕ ಆರಿಸಿದವರು ಕೆಲಸಗಾರರು. ರೇಡಿಯೋದ ಗುಂಡಿ ಧಣಿಯ ಕೈಯಲ್ಲಿತ್ತು. ವ್ಯತ್ಯಾಸ ಅಷ್ಟೇ, ಆದರೆ ಅದು ಸಣ್ಣ ವ್ಯತ್ಯಾಸವಲ್ಲ. ಈಗ ನಮ್ಮ ಜೇಬಿನಲ್ಲಿರುವ ಮೊಬೈಲಿನ ಗುಂಡಿ ಯಾರ ಕೈಯಲ್ಲಿದೆ? ಬೆರಳಿನಿಂದ ತಳ್ಳಿದ್ದೇ ತಳ್ಳಿದ್ದು, ಒಂದು ಮುಗಿಯುವುದರೊಳಗೆ ಇನ್ನೊಂದು, ನಡುನಡುವೆ ಜಾಹೀರಾತು. ಹತ್ತು ಗಂಟೆ ನಿಂತು ದುಡಿದು ಬಂದವನು ರಾತ್ರಿ ಅದನ್ನು ನೋಡುತ್ತಾನೆಂದು ನಾವು ಬಯ್ಯುವುದಿಲ್ಲ, ನಾವೂ ನೋಡುತ್ತೇವೆ. ಆದರೆ ಅದನ್ನು ಕಳಿಸುವವನಿಗೆ ಬೇಕಾದದ್ದು ನಮ್ಮ ಕಣ್ಣು, ನಮ್ಮ ಗಳಿಗೆಗಳು. ಅವನ್ನು ಸಗಟಿನಲ್ಲಿ ಕೊಂಡು ಚಿಲ್ಲರೆಯಲ್ಲಿ ಜಾಹೀರಾತಿನವರಿಗೆ ಮಾರುತ್ತಾನೆ. ಈ ವ್ಯಾಪಾರದ ಲೆಕ್ಕ ನಮ್ಮ ಅಂಗಡಿಯ ಅಣ್ಣಂದಿರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಆ ಹಮಾಲರು ಬೀರುವಿನಿಂದ ತಾವೇ ಆರಿಸಿ ತೆಗೆದ ಪುಸ್ತಕ ಅವರಿಗೆ ಏನನ್ನೂ ಮಾರಲಿಲ್ಲ.

ಕ್ಯೂಬಾ ದೂರವಾಯಿತೆನ್ನುವವರು ನಮ್ಮ ಕರಾವಳಿಯ ಆಚೆಗಿನ ಕಣ್ಣೂರನ್ನು ನೋಡಲಿ. ಅಲ್ಲಿನ ಬೀಡಿ ಕೊಟ್ಟಿಗೆಗಳಲ್ಲಿಯೂ ಇದೇ ಪದ್ಧತಿ ಬೆಳೆದಿತ್ತು. ಒಬ್ಬ ಪತ್ರಿಕೆ ಓದುವುದು, ಅವನ ಪಾಲಿನ ಬೀಡಿಯನ್ನು ಸುತ್ತಲಿನವರು ಸುತ್ತಿಕೊಡುವುದು. 1966ರಲ್ಲಿ ಬೀಡಿ ಕೆಲಸಗಾರರ ರಕ್ಷಣೆಗೆ ಕೇಂದ್ರ ಕಾಯಿದೆ ಬಂತು. ಅದನ್ನು ಜಾರಿಗೆ ತರಲು ಹೊರಟಾಗ, 1968ರಲ್ಲಿ, ಮಂಗಳೂರಿನ ಬೀಡಿ ಧಣಿಗಳು ಅಲ್ಲಿನ ತಮ್ಮ ಕೊಟ್ಟಿಗೆಗಳಿಗೆ ಬೀಗ ಜಡಿದರು. ಸುಮಾರು ಹನ್ನೆರಡು ಸಾವಿರ ಜನ ಬೀದಿಗೆ ಬಿದ್ದರು. ಅವರು 1969ರಲ್ಲಿ ಕೇರಳ ದಿನೇಶ ಬೀಡಿ ಎಂಬ ಸಹಕಾರ ಸಂಘ ಕಟ್ಟಿ ತಮ್ಮ ಕೆಲಸಕ್ಕೆ ತಾವೇ ಒಡೆಯರಾದರು. ಆ ಸಹಕಾರಿ ಕೊಟ್ಟಿಗೆಗಳಲ್ಲಿ ಓದು ನಿಲ್ಲಲಿಲ್ಲ. ಕೂಲಿ ಹೋಗಿ ಒಲೆ ಆರಿದ ಕಾಲ ಕಂಡವರು ಅವರು. ಹಿಟ್ಟು ಮೊದಲು, ಹೂವು ಆಮೇಲೆ ಎಂದು ಅವರು ಓದುವವನನ್ನು ಎಬ್ಬಿಸಿ ಬೀಡಿ ಸುತ್ತಲು ಕೂರಿಸಲಿಲ್ಲ. ದಿನವಿಡೀ ಪತ್ರಿಕೆ ಕೇಳಿದ ಜನಕ್ಕೆ ಸಂಘದ ಲೆಕ್ಕಪತ್ರ ನೋಡುವುದು ಸುಲಭವಾಯಿತು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಮುಂಬಯಿ. ಸಾಂಗ್ಲಿ ಸೀಮೆಯ ವಾಟೇಗಾವದಲ್ಲಿ 1920ರಲ್ಲಿ ಹುಟ್ಟಿ, ಕಾಲ್ನಡಿಗೆಯಲ್ಲಿ ಮುಂಬಯಿಗೆ ಬಂದು ಕೂಲಿ ಮಾಡಿ, ಮಿಲ್ಲಿನಲ್ಲಿ ದುಡಿದ ಅಣ್ಣಾಭಾವು ಸಾಠೆಯವರಿಗೆ ಶಾಲೆಯ ಸಂಪರ್ಕ ಇಲ್ಲವೆನ್ನುವಷ್ಟು ಕಡಿಮೆ. ಅಂಗಡಿಗಳ ಬೋರ್ಡು, ಸಿನೆಮಾ ಪೋಸ್ಟರು ನೋಡಿ ಅಕ್ಷರ ಕಲಿತರೆಂದು ಪ್ರಸಿದ್ಧಿ. ಆ ಮನುಷ್ಯ ಮೂವತ್ತಕ್ಕೂ ಹೆಚ್ಚು ಕಾದಂಬರಿ ಬರೆದರು. 1959ರಲ್ಲಿ ಬಂದ 'ಫಕೀರಾ' ಮರಾಠಿಯ ದೊಡ್ಡ ಕೃತಿಗಳ ಸಾಲಿಗೆ ಸೇರಿತು. ನಮ್ಮ ಮಂಡ್ಯ ಜಿಲ್ಲೆಯ ಪಾಂಡವಪುರದ ಬಳಿ ಹರಳಹಳ್ಳಿಯ ಅಂಕೇಗೌಡರು ಬಸ್ ಕಂಡಕ್ಟರಾಗಿದ್ದವರು, ಬಳಿಕ ಸುಮಾರು ಮೂವತ್ತು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದ ಹೆಚ್ಚು ಪಾಲನ್ನು ಪುಸ್ತಕಕ್ಕೆ ಸುರಿದು, ಇದ್ದ ಆಸ್ತಿ ಮಾರಿ, ಲಕ್ಷಗಟ್ಟಲೆ ಪುಸ್ತಕ ಕೂಡಿಹಾಕಿ 'ಪುಸ್ತಕ ಮನೆ' ಎಂದು ಹೆಸರಿಟ್ಟು ಎಲ್ಲರಿಗೂ ಬಾಗಿಲು ತೆರೆದರು. 2026ರ ಜನವರಿಯಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಘೋಷಿಸಿತು, ಸಂತೋಷ. ಆದರೆ ಒಂದು ಸರ್ಕಾರ, ನೂರಾರು ನಗರಸಭೆಗಳು ಮಾಡಬೇಕಾದ ಕೆಲಸವನ್ನು ಒಬ್ಬ ಕಾರ್ಖಾನೆ ನೌಕರ ತನ್ನ ಸಂಬಳದಿಂದ ಮಾಡಬೇಕಾಯಿತಲ್ಲ ಎಂದು ಸನ್ಮಾನ ಮಾಡುವವರಿಗೆ ನಾಚಿಕೆಯೂ ಆಗಬೇಡವೆ?

ಸದಸ್ಯರ ಮೇಲೆ ಇಷ್ಟು ಹರಿಹಾಯ್ದ ನಾವು ನಮ್ಮ ಮನೆಯ ಮಾತನ್ನೂ ಮುಚ್ಚಿಡಬಾರದು. ಮೊದಲು ಸಂಬಳ, ಆಮೇಲೆ ಸಾಹಿತ್ಯ ಎನ್ನುವ ಸಂಗಾತಿಗಳು ನಮ್ಮಲ್ಲಿಯೂ ಇದ್ದಾರೆ. ಒಂದು ಕಾಲಕ್ಕೆ ನಾವೂ ಹಾಗೆಯೇ ಮಾತಾಡಿದವರು. ಮಿಲ್ಲು ಲಾಕ್‌ಔಟ್ ಆದ ವರ್ಷ ಸ್ಪಿನ್ನಿಂಗ್ ಖಾತೆಯ ಕೆಲಸಗಾರನೊಬ್ಬ ಹೆಂಚಿನ ಮನೆಯ ಮೇಲೆ ಪಾರಿವಾಳ ಸಾಕಿದ್ದ. ಯೂನಿಯನ್ನಿನಿಂದ ಹಂಚುತ್ತಿದ್ದ ಜೋಳದಲ್ಲಿ ದಿನಕ್ಕೊಂದು ಹಿಡಿ ಮೇಲಕ್ಕೆ ಹೋಗುತ್ತಿತ್ತು. ನಾವು ಸಮಿತಿಯವರು ಅವನನ್ನು ಕರೆಸಿ, ಜನ ಉಪವಾಸ ಇರುವಾಗ ನಿನಗೆ ಹಕ್ಕಿಯ ಷೋಕಿಯೇ ಎಂದು ಛೀಮಾರಿ ಹಾಕಿದೆವು. ಅವನು ಎದುರು ಮಾತಾಡಲಿಲ್ಲ. "ನನ್ನ ಪಾಲಿನದನ್ನೇ ಹಾಕ್ತೀನಿ ಸ್ವಾಮಿ, ನನ್ನ ಹೆಂಡ್ತಿ ಮಕ್ಕಳದಲ್ಲ" ಎಂದಷ್ಟೇ ಹೇಳಿದ. ಲಾಕ್‌ಔಟಿನ ಎರಡನೆಯ ತಿಂಗಳಲ್ಲಿ ಕೆಲಸಗಾರರು ಸಂಜೆ ಹೊತ್ತು ಸಾರಾಯಿ ಅಂಗಡಿ ಬಿಟ್ಟು ಸೇರುತ್ತಿದ್ದ ಜಾಗ ಅವನ ಮನೆಯ ಅಂಗಳವಾಗಿತ್ತು. ಹಕ್ಕಿಗಳನ್ನು ಬಿಡುವುದು, ಅವು ಮಿಲ್ಲಿನ ಚಿಮಣಿಯನ್ನು ಸುತ್ತಿ ಹಿಂತಿರುಗುವ ತನಕ ಹತ್ತಾರು ಜನ ಕತ್ತೆತ್ತಿ ನಿಲ್ಲುವುದು. ನಾವೂ ಒಂದು ಸಂಜೆ ಹೋಗಿ ನಿಂತೆವು. ಆ ಛೀಮಾರಿಗೆ ನಾವು ಅವನ ಕ್ಷಮೆ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವನಿಲ್ಲ.

ಪ್ರಾಣಿ ಸಾಕುವುದು ದೊಡ್ಡವರ ಚಟವೆಂಬ ಭ್ರಮೆ ಯಾಕೆ ಬಂತೋ ತಿಳಿಯದು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಎಂಬ ಕೇರಿಯ ರೇಷ್ಮೆ ನೇಕಾರರು ಮಗ್ಗದ ಪಕ್ಕದಲ್ಲಿ ಹಾಡುವ ಹಕ್ಕಿಗಳನ್ನು ಸಾಕುವುದಕ್ಕೆ ಹೆಸರಾಗಿದ್ದರು. ಯಾರ್ಕ್‌ಷೈರ್ ಟೆರಿಯರ್ ಎಂಬ ನಾಯಿಯನ್ನು ಓದುಗರು ಸಿನೆಮಾಗಳಲ್ಲಿ ನೋಡಿರಬಹುದು: ಅಂಗೈಯಗಲ ಮೈ, ರೇಷ್ಮೆಯಂಥ ಕೂದಲು, ತಲೆಗೊಂದು ರಿಬ್ಬನ್ನು, ಶ್ರೀಮಂತ ಹೆಂಗಸರ ಕೈಚೀಲದಲ್ಲಿ ಸವಾರಿ. ಇದರ ಹುಟ್ಟು ಎಲ್ಲಿ? ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ಇಂಗ್ಲೆಂಡಿನ ಉತ್ತರದ ಮಿಲ್ಲುಗಳಿಗೆ ಬಂದ ನೇಕಾರರು ತಮ್ಮ ಜೊತೆ ತಂದ ಸಣ್ಣ ನಾಯಿಗಳಿಂದ ಈ ತಳಿ ಬೆಳೆಯಿತು. ಮಿಲ್ಲಿನಲ್ಲಿ, ವಠಾರದಲ್ಲಿ ಇಲಿ ಹಿಡಿಯುವುದು ಅದರ ಉದ್ಯೋಗ. ಅದರ ಕೂದಲು ಮಗ್ಗದಲ್ಲಿ ನೇಯ್ದದ್ದಿರಬೇಕು ಎಂದು ಜನ ತಮಾಷೆ ಮಾಡುತ್ತಿದ್ದರಂತೆ. ಆ ತಳಿಯ ಮೂಲಪುರುಷ ಎನಿಸಿಕೊಂಡ ನಾಯಿ 1865ರಲ್ಲಿ ಹುಟ್ಟಿದ್ದು ಹಡರ್ಸ್‌ಫೀಲ್ಡ್ ಎಂಬ ಉಣ್ಣೆ ಮಿಲ್ಲುಗಳ ಪಟ್ಟಣದಲ್ಲಿ. ಊರಿನ ಹೆಸರನ್ನೇ ಸೇರಿಸಿ ಅದನ್ನು 'ಹಡರ್ಸ್‌ಫೀಲ್ಡ್ ಬೆನ್' ಎಂದು ಕರೆಯುತ್ತಾರೆ. ಮಿಲ್ಲಿನವರು ಬೆಳೆಸಿದ ನಾಯಿಯನ್ನು ದೊಡ್ಡವರು ಎತ್ತಿಕೊಂಡು ಹೋದರು. ಎತ್ತಿಕೊಂಡು ಹೋದ ಮೇಲೆ, ನಾಯಿ ಸಾಕುವುದು ದೊಡ್ಡವರ ಅಭಿರುಚಿ ಎಂದು ನಮಗೇ ಪಾಠ ಹೇಳಿದರು!

ನಮ್ಮ ನಾಡಿನಲ್ಲಿಯೂ ಸಾಕ್ಷಿಯಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಹೊತ್ತಿನ ಕನ್ನಡ ಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರನಿಗೆ ಒಡೆಯ ಮೆಚ್ಚಿ, ಬೇಕಾದ್ದು ಬೇಡಿಕೋ ಎಂದನಂತೆ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಆತ ಕೇಳಿದ್ದು ರಾಷ್ಟ್ರಕೂಟ ಕೃಷ್ಣನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಮಣಲೇರ ಕೂಲಿಕಾರನಲ್ಲ, ಸರಿ, ಅರಸರ ಬಂಟ. ಆದರೂ ಮನುಷ್ಯನಿಗೆ ಹಿಟ್ಟು ಹೊನ್ನುಗಳ ಆಚೆಗೂ ಒಂದು ಆಸೆಯಿದೆಯೆಂದು ಸಾವಿರ ವರ್ಷದ ಹಿಂದೆ ಕನ್ನಡದಲ್ಲೇ ಕಲ್ಲಿನ ಮೇಲೆ ಕೆತ್ತಿದ್ದಾರಲ್ಲ, ಅದನ್ನು ನಮ್ಮ ಸದಸ್ಯರು ಬೆಂಗಳೂರಿಗೆ ಹೋದಾಗ ಒಮ್ಮೆ ನೋಡಿ ಬರಲಿ. ಅಂದಹಾಗೆ, ವಾಚನಾಲಯದಲ್ಲಿರುವುದು 'ಬೆಕ್ಕುಗಳು' ಅಲ್ಲ, ಒಂದೇ ಬೆಕ್ಕು. ಹಳೆಯ ಪತ್ರಿಕೆಗಳ ಕಟ್ಟು ಇಲಿಯ ಪಾಲಾಗದೆ ಉಳಿದಿರುವುದು ಅದರಿಂದ. ಆದರೆ ಉಪಯೋಗದ ಕಾರಣ ಕೊಟ್ಟು ನಾವು ಅದರ ಪರ ವಾದಿಸುವುದಿಲ್ಲ. ಮುದುಕರೊಬ್ಬರು ಪತ್ರಿಕೆ ಓದುವಾಗ ಅದು ಮೇಜಿನ ಮೇಲೆ ಬಂದು ಸರಿಯಾಗಿ ಅವರು ಓದುವ ಸಾಲಿನ ಮೇಲೆಯೇ ಕೂರುತ್ತದೆ. ಮುದುಕರು ಬಯ್ಯುತ್ತಾರೆ, ಆದರೆ ಎಬ್ಬಿಸುವುದಿಲ್ಲ. ನಮಗೆ ಅಷ್ಟು ಸಾಕು.

ಕಲೆಯ ವಿಚಾರಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಬೇಲೂರಿನ ಮದನಿಕೆಯರನ್ನು ಕೆತ್ತಿದವರು ಕೈಕೆಲಸದವರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಕಸೂತಿ ಹಾಕುವಾಗ ಬಟ್ಟೆಯ ಎಳೆ ಎಣಿಸಿ, ಎಲ್ಲಿಯೂ ಗಂಟು ಬೀಳದಂತೆ, ಗವಂತಿ ಹೊಲಿಗೆ ಎರಡೂ ಮಗ್ಗುಲಲ್ಲಿ ಒಂದೇ ಸಮನೆ ಕಾಣುವಂತೆ ತೇರು, ಗೋಪುರ, ಆನೆ, ನವಿಲು ಮೂಡಿಸುತ್ತಾರೆ. ಸೀರೆಯ ಒಳಮಗ್ಗುಲನ್ನು ಯಾರು ನೋಡುತ್ತಾರೆ? ಯಾರೂ ನೋಡದ ಮಗ್ಗುಲನ್ನೂ ಚೆಂದ ಮಾಡುವವರಿಗೆ ಸೌಂದರ್ಯದ ಹಸಿವು ಇಲ್ಲವೆನ್ನುವುದು ಕುರುಡು. ಕಡಿಮೆಯಾಗಿರುವುದು ಹಸಿವಲ್ಲ, ಹೊತ್ತು. ಆ ಹೊತ್ತನ್ನು ಕದಿಯುವುದು ಹೇಗೆಂದು ಕಾಯಿದೆ ಮಾಡುವವರಿಗೆ ಚೆನ್ನಾಗಿ ಗೊತ್ತು. 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಅದಕ್ಕೆ ತಿದ್ದುಪಡಿ ಮಾಡಿ, ವಾರದ ಮಿತಿಯನ್ನು ಹಾಗೆಯೇ ಇಟ್ಟು, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ತೆರೆಯಿತು. ಹನ್ನೆರಡು ಗಂಟೆ ಮಿಲ್ಲಿನಲ್ಲಿ, ಎರಡು ಗಂಟೆ ದಾರಿಯಲ್ಲಿ ಕಳೆದವನು ವಾಚನಾಲಯಕ್ಕೆ ಬಂದು ತೂಕಡಿಸದೆ ಏನು ಮಾಡಬೇಕು? ಮೊದಲು ಹೊತ್ತು ಕಸಿದುಕೊಂಡರು. ಈಗ ತೂಕಡಿಸುತ್ತಾನೆಂದು ಹೇಳಿ ಜಾಗವನ್ನೂ ಕಸಿಯಲು ಬಂದಿದ್ದಾರೆ.

ಇನ್ನು ದುಡ್ಡಿನ ಲೆಕ್ಕ. ವಾಚನಾಲಯ ನಗರಸಭೆಯ ದಾನವೆಂದು ಸದಸ್ಯರು ತಿಳಿದಂತಿದೆ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರದು. ಆ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಹಾಕಲಾಗುತ್ತದೆ. ಈಗ ಅದು ರೂಪಾಯಿಗೆ ಆರು ಪೈಸೆ. ಅಂಗಡಿಯೊಂದಕ್ಕೆ ವರ್ಷಕ್ಕೆ 4000 ರೂಪಾಯಿ ತೆರಿಗೆ ಬಿದ್ದರೆ, ಅದರ ಮೇಲೆ 240 ರೂಪಾಯಿ ಪುಸ್ತಕದ ಹಣ. ಬಾಡಿಗೆ ಮನೆಯವನು ಬಾಡಿಗೆಯೊಳಗೆ ಸೇರಿಸಿ ಕೊಡುತ್ತಾನೆ. ತೆರಿಗೆ ರಸೀದಿಯನ್ನು ತೆಗೆದು ನೋಡಿ, ಅದರಲ್ಲಿ ಪ್ರತ್ಯೇಕ ಸಾಲೇ ಇರುತ್ತದೆ. ನಗರಸಭೆ ಈ ಹಣಕ್ಕೆ ಒಡೆಯನಲ್ಲ. ವಸೂಲಿ ಮಾಡಿ ಗ್ರಂಥಾಲಯಕ್ಕೆ ಮುಟ್ಟಿಸಬೇಕಾದ ಗುಮಾಸ್ತ. ಮುಟ್ಟಿಸುತ್ತದೆಯೆ? ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ ನೂರಾರು ಕೋಟಿ ರೂಪಾಯಿ ಗ್ರಂಥಾಲಯ ಕರವನ್ನು ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ನಮ್ಮ ನಗರಸಭೆಯ ಬಾಕಿ ಎಷ್ಟೆಂದು ನಾವು ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇವೆ. ಉತ್ತರ ಬಂದ ದಿನ ಅಂಕಿಯನ್ನು ಈ ಪತ್ರಿಕೆಯ ಮೊದಲ ಪುಟದಲ್ಲೇ ಅಚ್ಚು ಹಾಕುತ್ತೇವೆ. 1931ರಲ್ಲಿ ತಮಿಳುನಾಡಿನ ಮನ್ನಾರ್ಗುಡಿಯಲ್ಲಿ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿ ಹಳ್ಳಿಗೆ ಕಳಿಸಿದರು. ಎತ್ತಿನ ಗಾಡಿಯ ಕಾಲದಲ್ಲಿ ಓದುಗನ ಮನೆಬಾಗಿಲಿಗೆ ಹೋದ ಪುಸ್ತಕಕ್ಕೆ, ಕರ ಕಟ್ಟಿದ ಕಾಲದಲ್ಲಿ ಊರೊಳಗೆ ನಿಲ್ಲಲು ಜಾಗವಿಲ್ಲವೆ?

ಅಂಗಡಿಯ ಅಣ್ಣಂದಿರೇ, ಸಲಹೆಯಲ್ಲಿ ನಿಮ್ಮ ಹೆಸರು ಬಂದಿರುವುದರಿಂದ ನಿಮ್ಮೊಡನೆ ಎರಡು ಮಾತು. ಮಳಿಗೆಯ ಆಸೆ ಯಾರಿಗಿಲ್ಲ? ತಳ್ಳುಗಾಡಿಯವನಿಗೆ ಚಾವಣಿ ಬೇಕು, ಅದನ್ನು ನಾವೇ ಹತ್ತು ಸಲ ಕೇಳಿದ್ದೇವೆ. ಆದರೆ ಹಿಂದೆ ತರಕಾರಿ ಮಾರುಕಟ್ಟೆಯ ಪಕ್ಕದಲ್ಲಿ ಮಳಿಗೆ ಕಟ್ಟಿದಾಗ ಏನಾಯಿತೆಂಬುದನ್ನು ನೆನಪು ಮಾಡಿಕೊಳ್ಳಿ. ಹರಾಜಿನಲ್ಲಿ ಕೂಗಿದವರು ಯಾರು? ಮುಂಗಡ ಕಟ್ಟುವ ಶಕ್ತಿ ಯಾರಿಗಿತ್ತು? ಒಬ್ಬೊಬ್ಬರು ಮೂರು ನಾಲ್ಕು ಮಳಿಗೆ ಹಿಡಿದು, ಅವನ್ನೇ ಇಮ್ಮಡಿ ಬಾಡಿಗೆಗೆ ನಿಮಗೆ ಒಳಗುತ್ತಿಗೆ ಕೊಟ್ಟರು. ತಳ್ಳುಗಾಡಿಗಳು ಇನ್ನೂ ಬಿಸಿಲಲ್ಲೇ ಇವೆ. ಮಳಿಗೆ ಕಟ್ಟಲು ನಗರಸಭೆಗೆ ಬೇರೆ ಜಾಗವಿಲ್ಲವೆಂಬುದೂ ಸುಳ್ಳು. ಹಳೇ ಆಕ್ಟ್ರಾಯ್ ಕಚೇರಿಯ ಬಯಲು ಹತ್ತು ವರ್ಷದಿಂದ ಕಸದ ಲಾರಿ ನಿಲ್ಲಿಸಲು ಉಪಯೋಗವಾಗುತ್ತಿದೆ. ವಾಚನಾಲಯದ ಎದುರಿಗಿರುವ ಚಹದಂಗಡಿಯವರನ್ನು ನಾವು ಕೇಳಿದೆವು. ಸಂಜೆ ಆರರಿಂದ ಎಂಟರವರೆಗಿನ ವ್ಯಾಪಾರದಲ್ಲಿ ಅರ್ಧ ಓದುವವರದ್ದೇ ಎಂದರು. ಅವರ ಮಗಳು ಪಿಯುಸಿ ಓದುವುದೂ ಅಲ್ಲಿನ ದೀಪದ ಕೆಳಗೆ.

ನಗರಸಭೆಯ ಮುಂದಿನ ಸಾಮಾನ್ಯ ಸಭೆಗೆ ಮುಂಚೆ ಆಕ್ಷೇಪಣೆ ಸಲ್ಲಿಸಬೇಕಾಗಿದೆ. ಆಕ್ಷೇಪಣೆಯ ಕರಡು ವಾಚನಾಲಯದ ಬಾಗಿಲ ಬಳಿಯ ಮೇಜಿನ ಮೇಲಿದೆ. ಪ್ರತಿದಿನ ಸಂಜೆ ಆರು ಗಂಟೆಯಿಂದ ನಮ್ಮ ಸಂಗಾತಿಗಳು ಅಲ್ಲಿರುತ್ತಾರೆ. ಅಂಗಡಿಯವರು ತೆರಿಗೆ ರಸೀದಿಯ ನಕಲು ತನ್ನಿರಿ, ಗ್ರಂಥಾಲಯ ಕರದ ಸಾಲಿನ ಕೆಳಗೆ ಗೆರೆ ಎಳೆದು ಲಗತ್ತಿಸೋಣ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಎರಡನೆಯ ಪಾಳಿಯವರಿಗಾಗಿ ಭಾನುವಾರ ಬೆಳಿಗ್ಗೆಯೂ ಏರ್ಪಾಟಿದೆ. ಬೆಕ್ಕು ಪತ್ರಿಕೆಗಳ ಕಟ್ಟಿನ ಹಿಂದೆ ಮೂರು ಮರಿ ಹಾಕಿದೆ. ಒಳಗೆ ಬರುವವರು ಬಾಗಿಲನ್ನು ಮೆಲ್ಲಗೆ ತೆಗೆಯಿರಿ.